ಹೊಸ ಹಡಗಿಗೆ ಕ್ಲಾಸ್ ಕೊಡುವ ಕೆಲಸ: ನನ್ನ ಅನುಭವ

ಮಲ್ಪೆಯ ಯಾರ್ಡಿನಲ್ಲಿ ನಾರ್ವೆಯ ಕಂಪನಿಗೆ 3,800 ಟನ್ ಸರಕು ಹೊರುವ ಹಡಗುಗಳನ್ನು ಕಟ್ಟುತ್ತಾರೆ ಅಂತ ಪೇಪರಿನಲ್ಲಿ ಬಂದ ಮೇಲೆ ನಮ್ಮ ಕಡೆಯವರಿಗೆ ಹಡಗು ಪರೀಕ್ಷಿಸುವ ಸರ್ವೇಯರ್ ಆದ ನನ್ನ ಕೆಲಸದ ಬಗ್ಗೆ ಸ್ವಲ್ಪ ಕುತೂಹಲ ಹುಟ್ಟಿದೆ. ಅಲ್ಲಿಯವರೆಗೆ ಸರ್ವೇಯರ್ ಅಂದರೆ ಜಮೀನು ಅಳೆಯುವವನು ಅಂದುಕೊಂಡವರೇ ಜಾಸ್ತಿ. ನಾನಿಲ್ಲಿ ಹೇಳುವುದು ಬೇರೊಂದು ಯಾರ್ಡಿನ ಚಿಕ್ಕ ಸರಕು ಹಡಗಿನ ಕಥೆ.

ಕ್ಲಾಸ್ ಸೊಸೈಟಿ ಅಂದರೆ ಹಡಗಿನ ಒಡಲು, ಇಂಜಿನ್ ಎಲ್ಲಾ ನಿಯಮದ ಪ್ರಕಾರ ಇದೆಯಾ ಅಂತ ನೋಡಿ ದರ್ಜೆ ಕೊಡುವ ಸಂಸ್ಥೆ. ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ್ ಹುಟ್ಟಿದ್ದು 1760ರಲ್ಲಿ, ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ 1975ರಲ್ಲಿ. ದರ್ಜೆಯ ಅಕ್ಷರಗಳ ಮುಂದೆ ಒಂದು ಪುಟ್ಟ ಶಿಲುಬೆಯ ಗುರುತು ಇರುತ್ತದೆ. ಲಾಯ್ಡ್ಸ್‌ನಲ್ಲಾದರೆ 100ಎ1 ಅನ್ನುವುದರ ಮುಂದೆ. ಹಡಗು ಕಟ್ಟುತ್ತಿರುವಾಗಲೇ ಆ ಸೊಸೈಟಿಯ ಸರ್ವೇಯರ್ ಬಂದು ಬಂದು ನೋಡಿದ್ದಾನೆ ಅಂತ ಅದರರ್ಥ. ಕಟ್ಟಿ ಮುಗಿದ ಮೇಲೆ ಎಷ್ಟು ದುಡ್ಡು ಕೊಟ್ಟರೂ ಆ ಗುರುತು ಸಿಗುವುದಿಲ್ಲ. ನನ್ನ ಸಂಬಳ ಬರುವುದೇ ಆ ಗುರುತಿಗಾಗಿ.

ಕೆಲಸ ಶುರುವಾಗುವುದು ಪ್ಲೇಟ್ ಇಳಿಸುವ ಜಾಗದಲ್ಲಿ. ಪ್ರತಿ ಪ್ಲೇಟಿನ ಮೇಲೂ ಹೀಟ್ ನಂಬರ್, ಅಂದರೆ ಉಕ್ಕು ಯಾವ ಸಲ ಕರಗಿಸಿದ್ದು ಅನ್ನುವ ಗುರುತು, ಇರುತ್ತದೆ. ಅದನ್ನು ಮಿಲ್ಲಿನ ಸರ್ಟಿಫಿಕೇಟಿನ ಜೊತೆ ತಾಳೆ ನೋಡುತ್ತೇನೆ. ಡಿ ಗ್ರೇಡ್ ಉಕ್ಕನ್ನು ಮೈನಸ್ 20 ಡಿಗ್ರಿಯಲ್ಲಿ, ಇ ಗ್ರೇಡನ್ನು ಮೈನಸ್ 40ರಲ್ಲಿ, ಚಳಿಗೆ ಸುಲಭವಾಗಿ ಬಿರಿಯುತ್ತದೆಯಾ ಅಂತ ಹೊಡೆದು ಪರೀಕ್ಷಿಸಿರಬೇಕು. ಕಣ್ಣಿಗೆ ಎರಡೂ ಒಂದೇ. ಕತ್ತರಿಸಿದ ಮೇಲೆ ನಂಬರ್ ಅಳಿಸಿಹೋದರೆ ಯಾವ ತುಂಡು ಎಲ್ಲಿಗೆ ಹೋಯಿತು ಅಂತ ಯಾರೂ ಹೇಳಲಾರರು.

ಕೀಲ್, ಅಂದರೆ ಹಡಗಿನ ತಳದ ಬೆನ್ನೆಲುಬು, ಇಡುವ ದಿನ ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಆದರೆ ಈಗ ಹಡಗನ್ನು ಬ್ಲಾಕ್ ಬ್ಲಾಕಾಗಿ ಜೋಡಿಸುತ್ತಾರೆ ನೋಡಿ, ನಾವು ಕೇಳುವುದು ಬೇರೆ: 50 ಟನ್, ಇಲ್ಲವೇ ಒಡಲಿನ ಅಂದಾಜು ತೂಕದ ಶೇಕಡಾ 1, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜೋಡಣೆ ಆಗಿದೆಯಾ? ಹಡಗಿಗೆ ಯಾವ ವರ್ಷದ ಅಂತಾರಾಷ್ಟ್ರೀಯ ಸುರಕ್ಷತಾ ನಿಯಮ ಅನ್ನುವುದು ಹೆಚ್ಚಾಗಿ ಈ ತಾರೀಖಿನ ಮೇಲೆ ನಿಲ್ಲುತ್ತದೆ. ಹಾಗಾಗಿ ಮುಹೂರ್ತಕ್ಕೂ ನನ್ನ ಫೈಲಿಗೂ ಯಾವಾಗಲೂ ಹೊಂದಾಣಿಕೆ ಆಗುವುದಿಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ತಳದ ಟ್ಯಾಂಕುಗಳಲ್ಲಿ. ಒಳಗಿನ ಗಾಳಿ ಪರೀಕ್ಷೆ ಮಾಡಿಸಿ, ಮ್ಯಾನ್‌ಹೋಲಿನಲ್ಲಿ ನುಸುಳಿ, ಟಾರ್ಚ್ ಹಿಡಿದು ತೆವಳಬೇಕು. ವೆಲ್ಡ್ ಎಲ್ಲಾ ನೋಡಿದ ಮೇಲೆ ಸೋರಿಕೆ ಪರೀಕ್ಷೆ. ಟ್ಯಾಂಕ್ ಮುಚ್ಚಿ ಗಾಳಿ ತುಂಬುತ್ತಾರೆ. ಮೊದಲು 0.20 ಬಾರ್‌ವರೆಗೆ ಏರಿಸಿ ಸುಮಾರು ಒಂದು ಗಂಟೆ ಬಿಟ್ಟು, ಆಮೇಲೆ 0.15ಕ್ಕೆ ಇಳಿಸಿ, ಸಂದುಗಳಿಗೆ ಸೋಪಿನ ನೀರು ಹಚ್ಚಿ ನೋಡುವುದು. ಸೈಕಲ್ ಪಂಕ್ಚರ್ ಹುಡುಕಿದ ಹಾಗೆಯೇ. 0.15 ಅಂದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಪ್ಲೇಟಿನ ಒಂದೊಂದು ಚದರ ಮೀಟರಿಗೂ ಅದು ಒಂದೂವರೆ ಟನ್ ತಳ್ಳುತ್ತದೆ. ಅದಕ್ಕೇ ಗೇಜಿನ ಜೊತೆ ನೀರು ತುಂಬಿದ ಯು ಆಕಾರದ ಕೊಳವೆಯೂ ಇರಬೇಕು. ಒತ್ತಡ ಮಿತಿ ಮೀರಿದರೆ ನೀರು ಚಿಮ್ಮಿ ಗಾಳಿ ಹೊರಗೆ ಹೋಗುತ್ತದೆ.

ಈ ಹಡಗಿನಲ್ಲಿ ಪರೀಕ್ಷೆಗೆ ಹೋದರೆ, ಒಂದು ಟ್ಯಾಂಕಿನಲ್ಲಿ ಕೈಯಿಂದ ವೆಲ್ಡ್ ಮಾಡಿದ ಸೀಮಿಗೆ (ಪ್ಲೇಟುಗಳು ಕೂಡುವ ಸಂದಿಗೆ) ಆಗಲೇ ಬಣ್ಣ ಬಿದ್ದಿತ್ತು. ಬಣ್ಣ ಸಣ್ಣ ತೂತನ್ನು ಸುಮ್ನೆ ಮುಚ್ಚಿಬಿಡುತ್ತದೆ. ತೆಗೆಯಿರಿ ಅಂದೆ.

"ಸರ್, ಮಳೆಗೆ ಮುಂಚೆ ಪೈಂಟ್ ಮುಗಿಸಬೇಕು ಅಂತ ಆಫೀಸಿನವರು ತಲೆ ಮೇಲೆ ಕೂತಿದ್ದಾರೆ. ಒಂದೇ ಒಂದು ಸೀಮ್ ಅಲ್ವಾ?" ಅಂದರು ಫೋರ್‌ಮನ್.

"ಒಂದೇ ಆದರೆ ಬೇಗ ಆಗ್ತದೆ ಮಾರಾಯ್ರೆ, ಗ್ರೈಂಡರ್ ತರಿಸಿ" ಅಂದೆ.

ಬಣ್ಣ ಹೋದ ಮೇಲೆ ಸೀಮ್ ಚೆನ್ನಾಗಿಯೇ ಇತ್ತು. ಗುಳ್ಳೆ ಬಂದದ್ದು ಪಕ್ಕದಲ್ಲಿ, ಪ್ಲೇಟಿಗೆ ಬಲ ಕೊಡುವ ಸ್ಟಿಫ್‌ನರ್ ಪಟ್ಟಿ ಬಲ್ಕ್‌ಹೆಡ್ಡನ್ನು, ಅಂದರೆ ಅಡ್ಡಗೋಡೆಯನ್ನು, ದಾಟುವ ಕಡೆ. ಅಲ್ಲಿ ಸಂದು ಮುಚ್ಚುವ ಕಾಲರ್ ಪ್ಲೇಟಿನ ಹಿಂದೆ ವೆಲ್ಡರನ ಕೈ ಸರಿಯಾಗಿ ಹೋಗುವುದಿಲ್ಲ, ನನ್ನ ಕಣ್ಣೂ ಹೋಗುವುದಿಲ್ಲ. ಪುಟ್ಟ ಕನ್ನಡಿ ಹಿಡಿದು ನೋಡಿದರೆ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೇಲಿಂದ ಇನ್ನೊಂದು ಪದರ ಎಳೆಯುತ್ತೇನೆ ಅಂತ ವೆಲ್ಡರ್ ಹೇಳಿದ. ಒಪ್ಪಲಿಲ್ಲ. ಗಾಳಿ ಪೂರ್ತಿ ಬಿಡಿಸಿ, ಹಳೆಯದನ್ನು ಕೆತ್ತಿ ತೆಗೆಸಿ, ಹೊಸದಾಗಿ ವೆಲ್ಡ್ ಮಾಡಿಸಿ, ಮತ್ತೆ ಮೊದಲಿನಿಂದ ಒತ್ತಡ ಕೊಡಿಸಿದೆ. ಆ ದಿನ ಯಾರ್ಡಿನಲ್ಲಿ ನನಗೆ ಚಹಾ ಕೊಡುವವರೂ ಇರಲಿಲ್ಲ!

ಸರಕಿನ ಕೋಣೆಯ ಬಾಯಿ ಮುಚ್ಚುವ ಹ್ಯಾಚ್ ಕವರಿಗೆ ಪೈಪಿನ ನೀರು ಹೊಡೆಯುವುದು, ನೀರಿಗಿಳಿಸುವುದು ಇವೆಲ್ಲ ತಂಟೆಯಿಲ್ಲದೆ ಆದವು. ಹಡಗಿನ ಸಮತೋಲ ತಿಳಿಯಲು ವಾಲಿಸಿ ನೋಡುವ ಪರೀಕ್ಷೆಗೆ ಮಾತ್ರ ಬೆಳಗಿನ ಜಾವವೇ ಬೇಕು ಅಂತ ಹಟ ಹಿಡಿದೆ. ಪಶ್ಚಿಮ ಕರಾವಳಿಯಲ್ಲಿ ಹೊತ್ತೇರಿದ ಮೇಲೆ ಕಡಲ ಗಾಳಿ ಬಿಡುವುದಿಲ್ಲ. ಗೊತ್ತಿರುವ ತೂಕಗಳನ್ನು ಡೆಕ್ಕಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ, ಹಡಗು ಎಷ್ಟು ವಾಲಿತು ಅಂತ ತೂಗುಗುಂಡಿನಲ್ಲಿ ಅಳೆಯುತ್ತೇವೆ. ಗುಂಡು ಓಲಾಡದಂತೆ ಅದನ್ನು ಎಣ್ಣೆ ತುಂಬಿದ ಬಕೆಟಿನಲ್ಲಿ ಮುಳುಗಿಸಿರುತ್ತಾರೆ. ಕಟ್ಟಿದ ಹಗ್ಗಗಳೆಲ್ಲ ಸಡಿಲ ಇರಬೇಕು. ಹಡಗಿನಲ್ಲಿರುವವರು ಹೇಳಿದ ಜಾಗ ಬಿಟ್ಟು ಕದಲಬಾರದು.

ಸೀ ಟ್ರಯಲ್, ಅಂದರೆ ಕಡಲಲ್ಲಿ ಓಡಿಸಿ ನೋಡುವ ದಿನ, ಬಂತು ಅಂದರೆ ಎಲ್ಲರಿಗೂ ಫೋಟೋ ಸಂಭ್ರಮ. ಪೂರ್ತಿ ವೇಗದಲ್ಲಿ ರಡ್ಡರ್ (ಚುಕ್ಕಾಣಿ) ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30 ಡಿಗ್ರಿಗೆ 28 ಸೆಕೆಂಡಿನೊಳಗೆ ತಿರುಗಬೇಕು. ಕರೆಂಟ್ ತೆಗೆದರೆ ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ತಾನಾಗಿ ಹೊತ್ತಿಕೊಂಡು ಕರೆಂಟ್ ಕೊಡಬೇಕು. ನೋಡಲು ಚೆಂದ, ಆದರೆ ನನಗೆ ಇದರಲ್ಲಿ ಅಷ್ಟು ತಲೆಬಿಸಿ ಇಲ್ಲ. ಸರಿ ಬರದಿದ್ದರೆ ವಾಲ್ವ್ ತಿರುಗಿಸಿ ಇನ್ನೊಮ್ಮೆ ಮಾಡಿಸಬಹುದು. ಬಣ್ಣದ ಹಿಂದೆ ಹೋದ ವೆಲ್ಡನ್ನು ಇನ್ನೊಮ್ಮೆ ಯಾರು ನೋಡುತ್ತಾರೆ?

ಕೊನೆಗೆ ಹಡಗಿನ ಪಕ್ಕದ ಪ್ಲಿಮ್ಸಾಲ್ ಗುರುತು, ಅಂದರೆ ಸರಕು ತುಂಬಿದಾಗ ಎಷ್ಟು ಮುಳುಗಬಹುದು ಅನ್ನುವ ಗುರುತು. ಉಂಗುರದ ಹೊರ ಅಳತೆ 300 ಮಿ.ಮೀ., ಅಡ್ಡಗೆರೆ 450 ಮಿ.ಮೀ. ಉದ್ದ, 25 ಮಿ.ಮೀ. ದಪ್ಪ. ಗೆರೆಯ ಮೇಲಂಚು ಉಂಗುರದ ನಡುವೆ ಹಾದುಹೋಗಬೇಕು. ಟೇಪು ಹಿಡಿದು ಅಳೆದೆ. ಅಷ್ಟರಲ್ಲಿ ಮಾಲೀಕರ ಕಡೆಯವರು ಸಂಜೆಯೊಳಗೆ ಸರ್ಟಿಫಿಕೇಟ್ ಬೇಕು ಅಂತ ಹಿಂದೆ ಬಿದ್ದರು. ಅವರ ಬ್ಯಾಂಕಿನ ಕೊನೆಯ ಕಂತು ಬಿಡುಗಡೆ ಆಗುವುದು ಆ ಕಾಗದದ ಮೇಲೆ. ತಾತ್ಕಾಲಿಕ ಸರ್ಟಿಫಿಕೇಟ್ ಬರೆದುಕೊಟ್ಟೆ. ಪೂರ್ತಿಯದ್ದು ಮುಖ್ಯ ಕಚೇರಿಯಿಂದ ಬರಬೇಕು, ಐದು ವರ್ಷಕ್ಕೆ. ಅದೂ ವರ್ಷ ವರ್ಷದ ಸರ್ವೆ ಮಾಡಿಸಿದರೆ ಮಾತ್ರ ನಡೆಯುತ್ತದೆ. ಮೊದಲ ಸರ್ವೆಯ ತಾರೀಖನ್ನು ಕ್ಯಾಪ್ಟನ್ ಡೈರಿಯಲ್ಲಿ ಆಗಲೇ ಬರೆಸಿ ಇಳಿದು ಬಂದೆ.