ಹಳೇ ಕಾಲದ ಬೊಕೆ ಹೋಲ್ಡರ್ ಕೊಳ್ಳೋದು, ಅದಕ್ಕೆ ಹೂ ಸಿಕ್ಸೋದು ಹೇಗೆ

19ನೇ ಶತಮಾನದಲ್ಲಿ ಇಂಗ್ಲೆಂಡ್, ಫ್ರಾನ್ಸ್ ಕಡೆ ಶ್ರೀಮಂತರ ಮನೆ ಹೆಂಗಸರು ಡ್ಯಾನ್ಸ್ ಪಾರ್ಟಿಗೆ ಹೋಗ್ವಾಗ ಕೈಲಿ ಪುಟ್ಟದೊಂದು ಹೂಗುಚ್ಛ ಹಿಡ್ಕೊಳ್ತಿದ್ರು, ಒದ್ದೆ ತೊಟ್ಟು ಗ್ಲೌಸಿಗೆ ತಾಗ್ಬಾರ್ದು ಅಂತ ಅದಕ್ಕೊಂದು ಬೆಳ್ಳಿ ಹೋಲ್ಡರ್. ಮೇಲೆ ಅಗಲ, ಕೆಳಗೆ ಸಪೂರ, ಕೆಲವಕ್ಕೆ ಮುತ್ತಿನ ಚಿಪ್ಪಿನ ಹಿಡಿ.

ಕೊಳ್ಳೋರು ಮೊದಲು ಪಿನ್ ನೋಡಿ. ಸಣ್ಣ ಚೈನಲ್ಲಿ ನೇತಾಡೋ ಈ ಪಿನ್ನು ಹೋಲ್ಡರಿನ ಒಂದು ಪಕ್ಕದ ತೂತಿಂದ ತೂರಿ, ತೊಟ್ಟುಗಳನ್ನ ಚುಚ್ಕೊಂಡು ಆಚೆ ಪಕ್ಕ ಬರತ್ತೆ, ಹೂ ಬೀಳದೇ ಇರೋದು ಇದರಿಂದ್ಲೇ, ಆದ್ರೆ ಕಳೆದುಹೋಗೋದೂ ಇದೇ ಮೊದಲು. ಇನ್ನೊಂದು ಚೈನಿನ ತುದೀಲಿ ಉಂಗುರ ಇದ್ರೆ ಅದು ಬೆರಳಿಗೆ, ಡ್ಯಾನ್ಸ್ ಮಾಡ್ವಾಗ ಹೂ ಕೆಳಗೆ ತೂಗಾಡ್ತಿರ್ಲಿ ಅಂತ. ಕೆಲವದ್ರಲ್ಲಿ ಹಿಡಿನೇ ಸ್ಪ್ರಿಂಗಿಂದ ಮೂರು ಕಾಲಾಗಿ ಬಿಚ್ಕೊಂಡು ಟೇಬಲ್ ಮೇಲೆ ನಿಲ್ಲತ್ತೆ, ಇಂಥದ್ದು ಸಿಕ್ರೆ ಎರಡು ಮೂರು ಸಲ ಬಿಚ್ಚಿ ಮಡಚಿ ನೋಡಿ. ಬೆಳ್ಳಿ ಅಂದ್ರೆ ಮುದ್ರೆ ಹುಡುಕಿ, ಇಂಗ್ಲೆಂಡಿಂದಾದ್ರೆ ನಡೆಯೋ ಸಿಂಹ, 1838ರ ನಂತರದ ಫ್ರಾನ್ಸಿಂದಾದ್ರೆ ಮಿನರ್ವಾ ದೇವಿಯ ತಲೆ. ಮುದ್ರೆ ಇಲ್ದಿದ್ರೆ ಬರೀ ಬೆಳ್ಳಿ ಲೇಪನ ಇರ್ಬಹುದು, ನೋಡೋಕೆ ಚೆನ್ನಾಗಿದ್ರೆ ಅದೂ ಓಕೆ, ಬೆಳ್ಳಿ ರೇಟ್ ಮಾತ್ರ ಕೊಡ್ಬೇಡಿ. ದಂತದ ಹಿಡಿ ಇದ್ರೆ ಬಿಟ್ಬಿಡೋದೇ ಒಳ್ಳೇದು, ಹಳೇದಾದ್ರೂ ಎಷ್ಟೋ ದೇಶಗಳಲ್ಲಿ ಮಾರಾಟಕ್ಕೆ ಕಾನೂನು ಅಡ್ಡ ಬರತ್ತೆ.

ಇನ್ನು ಹೂ. ಬಾಯಿ ಚಿಕ್ಕದು, ಹಾಗಾಗಿ ಪುಟ್ಟ ಗುಲಾಬಿ, ವಯೊಲೆಟ್, ಒಂದೆರಡು ಎಳೆ ಫರ್ನ್ ಸಾಕು. ಮಧ್ಯಕ್ಕೆ ಒಂದು ಒಳ್ಳೇ ಹೂ ಇಟ್ಟು ಸುತ್ತ ಉಳಿದಿದ್ದನ್ನ ಕೈಯಲ್ಲೇ ತಿರುಗಿಸ್ತಾ ಜೋಡಿಸಿ ದಾರ ಕಟ್ಟಿ, ತೊಟ್ಟು ಗಿಡ್ಡ ಕತ್ತರಿಸಿ. ಆಗೆಲ್ಲ ಒಳಗೆ ಒದ್ದೆ ಪಾಚಿ ತುಂಬ್ತಿದ್ರು, ಈಗ ಒದ್ದೆ ಹತ್ತಿ ಸುತ್ತಿ ಅದರ ಮೇಲೆ ತೆಳು ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದ್ರೆ ಬೆಳ್ಳಿಗೆ ನೀರು ತಾಗಲ್ಲ, ಆಮೇಲೆ ಪಿನ್ ಹಾಕಿ. ಪಿನ್ ತೊಟ್ಟುಗಳ ನಡುವೆ ಸರಿಯಾಗಿ ಹೋಗೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಗುಚ್ಛ ಜಾರತ್ತೆ.

ಡ್ರೆಸ್ ಸಿಂಪಲ್ ಆಗಿರ್ಲಿ, ಆ ಕೈಗೆ ಬಳೆ ಬ್ರೇಸ್‌ಲೆಟ್ ಬೇಡ, ನನ್ ಪ್ರಕಾರ ಎರಡೂ ಸೇರಿದ್ರೆ ಗಲಾಟೆ ಆಗತ್ತೆ, ಚೈನೂ ಸಿಕ್ಕಾಕೊಳ್ಳತ್ತೆ.

ಮನೆಗೆ ಬಂದ ತಕ್ಷಣ ಹೂ ತೆಗೆದು ಮೆತ್ತನೆ ಬಟ್ಟೇಲಿ ಒರೆಸಿ. ಚಿಪ್ಪಿನ ಹಿಡಿ ಇರೋದನ್ನ ನೀರಲ್ಲಿ ನೆನೆ ಹಾಕ್ಬೇಡಿ, ಅಂಟು ಬಿಟ್ಕೊಳ್ಳತ್ತೆ, ಚಿನ್ನದ ಲೇಪನ ಇದ್ರೆ ಪಾಲಿಶ್ ಹಾಕಿ ಉಜ್ಜೋಕೂ ಹೋಗ್ಬೇಡಿ.