ಬೋರಿಂಗ್ ಮಾಡಿಸಿದ ಎಂಜಿನ್ ಕಟ್ಟೋ ಮುಂಚೆ ಸೋಪಿನ ನೀರಲ್ಲಿ ತೊಳೆಯಿರಿ

ಬೋರಿಂಗ್ ಅಂದರೆ ಸವೆದ ಸಿಲಿಂಡರಿನ ತೂತನ್ನು (ಬೋರ್) ಕೊರೆದು ಸ್ವಲ್ಪ ದೊಡ್ಡದು ಮಾಡೋದು. ಹಾಗೆ ಲೇಥ್ ಅಂಗಡಿಯಿಂದ ಬಂದ ಬ್ಲಾಕ್, ಅಂದರೆ ಸಿಲಿಂಡರುಗಳಿರೋ ಎಂಜಿನ್ನಿನ ಮುಖ್ಯ ಭಾಗ, ನೋಡೋಕೆ ಸ್ವಚ್ಛವಾಗಿಯೇ ಕಾಣುತ್ತದೆ. ಆದರೆ ಬೋರಿನ ಒಳಮೈ ತಿಕ್ಕಿ ಸಣ್ಣ ಅಡ್ಡಗೆರೆ ಹಾಕೋ ಹೋನಿಂಗ್ ಕಲ್ಲು ಸವೆದು ಬಿಟ್ಟ ಪುಡಿ, ಕಬ್ಬಿಣದ ಪುಡಿ ಎರಡೂ ಆ ಅಡ್ಡಗೆರೆಗಳೊಳಗೆ ಕೂತಿರುತ್ತವೆ. ಹಾಗೇ ಪಿಸ್ಟನ್ ಇಳಿಸಿದರೆ ಹೊಸ ರಿಂಗ್ ಮೊದಲ ದಿನದಿಂದಲೇ ಸವೆಯುತ್ತದೆ.

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಎಷ್ಟೋ ಜನ ಬ್ಲಾಕನ್ನು ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಕಟ್ಟೋಕೆ ಕೂತುಬಿಡುತ್ತಾರೆ. ಡೀಸೆಲ್, ಸೀಮೆಎಣ್ಣೆ ಜಿಡ್ಡು ಬಿಡಿಸುತ್ತವೆ ನಿಜ, ಪುಡಿ ಮಾತ್ರ ಗೆರೆಯಲ್ಲೇ ಉಳಿಯುತ್ತದೆ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ನೈಲಾನ್ ಬ್ರಷ್ ತಗೊಂಡು ಒಂದೊಂದು ಬೋರನ್ನೂ ತಿಕ್ಕಿ. ಅಲ್ಯೂಮಿನಿಯಂ ಬ್ಲಾಕ್ ಆದರೆ ಪಾತ್ರೆ ತೊಳೆಯೋ ಲಿಕ್ವಿಡ್ ಸಾಕು, ಕಾಸ್ಟಿಕ್ ಸೋಡಾ ಹತ್ತಿರಕ್ಕೂ ತರಬೇಡಿ, ಅದು ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಸಾಕಷ್ಟು ತೊಳೆದಾಯ್ತಾ ಅಂತ ನೋಡೋಕೆ ಹಳೇ ಬಿಳಿ ಧೋತರದ ತುಂಡೊಂದು ಇರಲಿ. ಅದಕ್ಕೆ ಹೊಸ ಎಂಜಿನ್ ಆಯಿಲ್ ಹಚ್ಚಿ ಬೋರ್ ಒರೆಸಿ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಮೂರು ನಾಲ್ಕು ಸಲ ಆಗಬಹುದು, ಬೇಜಾರು ಮಾಡ್ಕೋಬೇಡಿ. ಕೊನೇ ಸಲ ತೊಳೆದ ತಕ್ಷಣ ಗಾಳಿ ಹೊಡೆದು ಒಣಗಿಸಿ ಆಯಿಲ್ ಸವರಿ, ಇಲ್ಲದಿದ್ದರೆ ಬೀಡುಕಬ್ಬಿಣಕ್ಕೆ ನೋಡನೋಡುತ್ತಲೇ ತುಕ್ಕು ಬರುತ್ತದೆ.

ಇದಕ್ಕಿಂತ ಜಾಸ್ತಿ ಅಪಾಯ ಆಯಿಲ್ ದಾರಿಗಳಲ್ಲಿದೆ. ಫಿಲ್ಟರ್ ಇದೆಯಲ್ಲ ಅಂತ ನಂಬಿ ಕೂರಬೇಡಿ. ಫಿಲ್ಟರ್ ದಾಟಿದ ಮೇಲಿನ ದಾರಿಯಲ್ಲಿ ಪುಡಿ ಉಳಿದಿದ್ದರೆ ಅದು ನೇರ ಬೇರಿಂಗಿಗೆ ಹೋಗುತ್ತದೆ, ನಡುವೆ ತಡೆಯೋರು ಯಾರೂ ಇಲ್ಲ. ಬ್ಲಾಕಿನಲ್ಲಿ ಆ ದಾರಿಗಳ ಬಾಯಿ ಮುಚ್ಚಿರೋ ಪ್ಲಗ್‌ಗಳನ್ನು ಬಿಚ್ಚಿ, ಉದ್ದನೆಯ ತೆಳು ಬ್ರಷ್ ಆಚೆಯಿಂದ ಈಚೆಗೆ ಎಳೆಯಿರಿ. ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸೋ ಉಕ್ಕಿನ ದಂಡ) ಓರೆ ಆಯಿಲ್ ತೂತುಗಳನ್ನೂ ಬಿಡಬೇಡಿ, ಗ್ರೈಂಡಿಂಗ್, ಪಾಲಿಶ್ ಆದ ಪುಡಿ ಅಲ್ಲೇ ಸೇರಿಕೊಳ್ಳೋದು.

ನಾನು ಇದನ್ನು ಕಲಿತದ್ದು ನನ್ನದೇ ಕಾರಿನಲ್ಲಿ. ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರೋ ಹೆಡ್ ಗ್ಯಾಸ್ಕೆಟ್ ಅಂಟು ಬಿಡಲಿಲ್ಲ ಅಂತ ಗ್ರೈಂಡರ್‌ಗೆ ಹಾಕೋ ನಾರಿನ ಡಿಸ್ಕ್ ಹಿಡಿದು ಬ್ಲಾಕಿನ ಮೇಲೇ ತಿಕ್ಕಿದೆ. ಆ ನಾರಿನಲ್ಲಿರೋದು ಅಲ್ಯೂಮಿನಿಯಂ ಆಕ್ಸೈಡ್. ಕ್ರ್ಯಾಂಕಿನ ಉಕ್ಕಿಗಿಂತ ಎಷ್ಟೋ ಗಟ್ಟಿ, ಅಯಸ್ಕಾಂತಕ್ಕೂ ಸಿಗೋದಿಲ್ಲ. ಸ್ವಲ್ಪ ದಿನದಲ್ಲೇ ಕೆಳಗಿನಿಂದ ಬಡಿತ ಶುರುವಾಯ್ತು. ಬಿಚ್ಚಿ ನೋಡಿದರೆ ಹೊಸ ಬೇರಿಂಗಿನ ಮೆತ್ತನೆ ಲೋಹದೊಳಗೆ ಪುಡಿ ಹೂತುಕೊಂಡು, ಕ್ರ್ಯಾಂಕನ್ನೇ ಎಮರಿ ಪೇಪರಿನ ಹಾಗೆ ಗೀರಿತ್ತು. ಹೀಗಾದ ಮೇಲೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಬೇರಿಂಗ್ ಹೊಸದು ಬೇಕು, ಆಯಿಲ್ ಪಂಪ್ ಬಿಚ್ಚಿ ನೋಡಬೇಕು, ಆಯಿಲ್ ಕೂಲರ್ ಇದ್ದರೆ ಬದಲಿಸೋದೇ ಒಳ್ಳೇದು, ಒಳಗೆ ಸಿಕ್ಕ ಪುಡಿ ಪೂರ್ತಿ ಬರೋದಿಲ್ಲ. ಈಗ ಗ್ಯಾಸ್ಕೆಟ್ ಬಿಡಿಸೋ ಲಿಕ್ವಿಡ್ ಹಚ್ಚಿ, ನೆನೆಯಲು ಬಿಟ್ಟು, ಪ್ಲಾಸ್ಟಿಕ್ ಕೆರೆಯೋ ಪಟ್ಟಿಯಲ್ಲೇ ತೆಗೆಯುತ್ತೇನೆ. ವಾಲ್ವ್ ಸರಿಯಾಗಿ ಕೂರಲಿ ಅಂತ ತಿಕ್ಕೋ ಲ್ಯಾಪಿಂಗ್ ಪೇಸ್ಟಿಗೂ ಇದೇ ಮಾತು, ಒಂದು ಚೂರೂ ಉಳಿಯಬಾರದು.

ಬೇಸಿಗೆಯಲ್ಲಿ ನಮ್ಮ ಎರೆಮಣ್ಣಿನ ಧೂಳು ಸುಮ್ನೆ ಬಿಡೋದಿಲ್ಲ, ಅಲ್ವಾ? ರಸ್ತೆ ಬದಿಯ ಶೆಡ್ಡಿನಲ್ಲಿ ಕಟ್ಟೋದಾದರೆ ನೆಲಕ್ಕೆ ನೀರು ಚಿಮುಕಿಸಿ, ಬ್ಲಾಕಿಗೆ ದಪ್ಪ ಪ್ಲಾಸ್ಟಿಕ್ ಚೀಲ ಹೊದಿಸಿಡಿ. ಬೇರಿಂಗನ್ನು ಕೂರಿಸೋ ಹೊತ್ತಿಗಷ್ಟೇ ಪ್ಯಾಕೆಟ್ಟಿನಿಂದ ತೆಗೆಯಿರಿ.

ಮೊದಲ ಸಲ ಸ್ಟಾರ್ಟ್ ಮಾಡಿ 20-30 ನಿಮಿಷ ಓಡಿಸಿದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಹಳೇ ಫಿಲ್ಟರ್ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬೇರಿಂಗ್ ಲೋಹದ ಬಣ್ಣದ ಮಿಂಚೋ ಚೂರುಗಳು ಜಾಸ್ತಿ ಕಂಡರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸಿ ಒಂದು ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿ.