ಸ್ಪಾರ್ವಿಯೆರೊ ಮಾದರಿಗೆ ಬಣ್ಣ ಹಚ್ಚುವವರಿಗೊಂದು ಸಲಹೆ

ಎರಡನೆಯ ಮಹಾಯುದ್ಧದ ಇಟಲಿಯ ಮೂರು ಎಂಜಿನ್‌ಗಳ ಬಾಂಬರ್ ಸವೋಯಾ-ಮಾರ್ಕೆಟ್ಟಿ ಎಸ್.ಎಂ.79 ಸ್ಪಾರ್ವಿಯೆರೊವನ್ನು 1/72 ಅಳತೆಯಲ್ಲಿ, ಅಂದರೆ ನಿಜ ಗಾತ್ರದ ಎಪ್ಪತ್ತೆರಡನೆಯ ಒಂದು ಭಾಗದ ಪುಟ್ಟ ಮಾದರಿಯಾಗಿ, ಕಟ್ಟುವವರು ಬಣ್ಣದ ಕ್ರಮವನ್ನು ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಒಡಲನ್ನು ಸುತ್ತುವ ಬಿಳಿ ಪಟ್ಟಿ ಮತ್ತು ಬಾಲದ ಬಿಳಿ ಶಿಲುಬೆಯ ಜಾಗಕ್ಕೆ ಮೊದಲು ಬಿಳಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪಿನಿಂದ ಮುಚ್ಚಿ. ಏಕೆಂದರೆ ಕಡು ಹಸಿರಿನ ಮೇಲೆ ಬಿಳಿ ಕೂರಬೇಕಾದರೆ ಹಲವು ಪದರಗಳು ಬೇಕಾಗಿ, ಅಂಚು ದಪ್ಪವಾಗಿ ಕಾಣುತ್ತದೆ. ಅನಂತರ ಮರಳು ಹಳದಿಯ ತಳ, ಅದರ ಮೇಲೆ ಹಸಿರು ಮತ್ತು ಕಂದು ಮಚ್ಚೆಗಳು.

ಇಡೀ ಮಾದರಿಯ ಅಂದ ನಿಂತಿರುವುದೇ ಈ ಮಚ್ಚೆಗಳಲ್ಲಿ. ಬಣ್ಣವನ್ನು ಹಾಲಿಗಿಂತಲೂ ತೆಳುವಾಗಿಸಿ, ಏರ್‌ಬ್ರಷ್‌ನ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಒತ್ತಡ ತಗ್ಗಿಸಿ, ಅದರ ಮೂತಿಯನ್ನು ಮೇಲ್ಮೈಗೆ ತೀರ ಹತ್ತಿರ ಹಿಡಿದು, ನಿಜವಾದ ವಿಮಾನದ ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡೇ ಸಿಂಪಡಿಸಿ. ಒಂದೇ ಗಾತ್ರದ ಚುಕ್ಕೆಗಳು ಸಾಲಾಗಿ ಬಂದರೆ ಕೃತಕವೆನಿಸುತ್ತದೆ.

ರೆಕ್ಕೆಗಳು ಮರದವಾದ್ದರಿಂದ ಅಲ್ಲಿ ಲೋಹ ಕಿತ್ತುಹೋದಂತೆ ಬೆಳ್ಳಿಯ ಗೀರುಗಳನ್ನು ದಯವಿಟ್ಟು ಎಳೆಯಬೇಡಿ. ಇದು ಬಾಲಚಕ್ರದ ಮೇಲೆ ಹಿಂಬದಿಯನ್ನು ಊರಿ ನಿಲ್ಲುವ ವಿಮಾನವಾದ್ದರಿಂದ, ಹಿಂದಕ್ಕೆ ವಾಲದಿರಲೆಂದು ವಿಮಾನದ ಮೂತಿಯಲ್ಲಿ ತೂಕ ತುಂಬುವ ಅಗತ್ಯವೂ ಇಲ್ಲ.